ತಾಯಿಯ ಕಾಯಕಕ್ಕೆ ಅಳತೆ ಯಾವುದು?

ಕಾಯಕತತ್ತ್ವದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ನದಿಯ ದೋಣಿಯನ್ನು, ಮಡಿವಾಳನ ಬಂಡೆಯನ್ನು, ನೇಕಾರನ ಮಗ್ಗವನ್ನು, ಬಿಜ್ಜಳನ ಭಂಡಾರವನ್ನು ಕಣ್ಣೆದುರಿಗೆ ತಂದುಕೊಳ್ಳುವೆವು. ಅಡಿಗೆಮನೆಯ ಒಲೆ, ಹಿತ್ತಿಲ ಅಂಗಳ, ಜಗಲಿಯ ಮೂಲೆ ಇವು ನಮ್ಮ ನೆನಪಿಗೆ ಬರುವುದು ಅಪೂರ್ವ. ಮನೆಯ ಹೊರಗೆ ನಡೆದರೆ ಅದು ಕಾಯಕ, ಮನೆಯ ಒಳಗೆ ನಡೆದರೆ ಅದು ಗೃಹಕೃತ್ಯ ಎಂಬ ಒಂದು ಭೇದವನ್ನು ನಾವು ತಿಳಿದೋ ತಿಳಿಯದೆಯೋ ಮಾಡಿಕೊಂಡಿದ್ದೇವೆ. ಈ ಭೇದಕ್ಕೆ ಶರಣರ ಮಾರ್ಗದಲ್ಲಿ ಆಧಾರವುಂಟೇ ಎಂಬುದನ್ನು ವಿಚಾರಿಸಬೇಕಾದ ಕಾಲ ಈಗ ಬಂದಿದೆ. ಏಕೆಂದರೆ ಮಲೆನಾಡಿನ ಅನೇಕ ತಾಯಂದಿರು ತಮ್ಮ ಕೈಯ ಕೌಶಲವನ್ನೇ ಬಂಡವಾಳವನ್ನಾಗಿ ಮಾಡಿಕೊಂಡು ಮನೆಯಲ್ಲಿ ಕುಳಿತೇ ಉದ್ಯಮವನ್ನು ನಡೆಸುತ್ತಿದ್ದಾರೆ. ಅವರ ದುಡಿಮೆಯನ್ನು ನಾವು ಯಾವ ಅಳತೆಯಿಂದ ಅಳೆಯಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಗೆ ಹೋಗಿ ಬಂದವರಿಗೆ ಈ ಉದ್ಯಮಗಳ ಪರಿಚಯ ಇದ್ದೇ ಇರುವುದು. ಹೊಳೆಯಂಚಿನ ಮಾವಿನ ಮರಗಳಿಂದ ಇಳಿಸಿದ ಅಪ್ಪೆಮಿಡಿಯ ಉಪ್ಪಿನಕಾಯಿ, ಬೇಸಗೆಯ ಬಿಸಿಲಿನಲ್ಲಿ ಒಣಗಿಸಿದ ಹಲಸಿನ ಹಪ್ಪಳ, ಮಡಕೆಯ ಬೆನ್ನಿನ ಮೇಲೆ ಹೊಯ್ದು ತೆಗೆದ ತೊಡೆದೇವು, ಬಾಳಕದ ಮೆಣಸು, ಮುರುಗಲಿನ ಪಾನಕ, ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಕೌದಿ, ಗೋಡೆಯಿಂದ ಬಟ್ಟೆಗೂ ಕಾಗದಕ್ಕೂ ಇಳಿದು ಬಂದ ಹಸೆಚಿತ್ತಾರ: ಇವೆಲ್ಲವೂ ಹಿಂದೆ ಮನೆಯ ಬಳಕೆಗೆ, ನೆಂಟರ ಮರ್ಯಾದೆಗೆ, ಮದುವೆಯ ಸಡಗರಕ್ಕೆ ಆಗುತ್ತಿದ್ದವು. ಇಂದು ದೂರವಾಣಿಯಲ್ಲಿ ಬೇಡಿಕೆ ಬರುವುದು. ಅಂಚೆಯಲ್ಲಿಯೋ ಬಸ್ಸಿನಲ್ಲಿಯೋ ಡಬ್ಬಿಗಳು ಬೆಂಗಳೂರಿಗೆ ಹೋಗುವುವು. ಇದಕ್ಕೆ ಕಾರಣಗಳೂ ಸ್ಪಷ್ಟವಾಗಿಯೇ ಇವೆ. ಅಡಿಕೆಯ ತೋಟಗಳಿಗೆ ಹಿಂದಿನಿಂದಲೂ ಕೊಳೆರೋಗದ ಕಾಟವಿತ್ತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಬಂದು ಸೇರಿ ಸಣ್ಣ ಹಿಡುವಳಿದಾರರನ್ನು ಕಂಗೆಡಿಸಿದೆ. ಮಕ್ಕಳ ವಿದ್ಯಾಭ್ಯಾಸದ ವೆಚ್ಚ ಬೆಳೆಯುತ್ತಿದೆ. ಇವುಗಳ ಜೊತೆಗೆ ಇನ್ನೊಂದು ಕಾರಣವೂ ಉಂಟು: ಆ ತಾಯಿಗೆ ಆ ಕೆಲಸದಲ್ಲಿ ಒಲವಿದೆ. ಮಿಡಿಯ ಪರಿಮಳವನ್ನು ಮೂಗಿನಿಂದಲೇ ಗುರುತಿಸಿ ಇದು ಅನಂತಭಟ್ಟನ ಅಪ್ಪೆ, ಇದು ಜೀರಿಗೆಮಿಡಿ ಎಂದು ಹೇಳಬಲ್ಲ ಜಾಣ್ಮೆಯು ಹೊಟ್ಟೆಯ ಪಾಡಿನಿಂದಷ್ಟೇ ಬರುವುದಲ್ಲ.

ಇಲ್ಲಿ ಎರಡು ಬಗೆಯ ಆಕ್ಷೇಪಗಳು ಏಳುವುವು. ಮೊದಲನೆಯದು ಹಿರಿಯರದು. ತಾಯಿಯ ಕೈಯ ಅನ್ನವು ವಾತ್ಸಲ್ಯದ ಫಲ. ಅದಕ್ಕೆ ಬೆಲೆಯ ಚೀಟಿಯನ್ನು ಅಂಟಿಸಿದರೆ ಮನೆಯು ಅಂಗಡಿಯಾಗುವುದು, ವಾತ್ಸಲ್ಯವು ವ್ಯಾಪಾರವಾಗುವುದು ಎಂದು ಅವರು ಹೇಳುವರು. ಎರಡನೆಯದು ಹೊಸಬರದು. ಅವರು ತಾಯಿಯ ಉದ್ಯಮವನ್ನು ಹೊಗಳುವರು. ಆದರೆ ಹೊಗಳುತ್ತಲೇ, "ಆಕೆಗೆ ಅದು ಇಷ್ಟ, ಹವ್ಯಾಸಕ್ಕೆಂದು ಮಾಡುತ್ತಾಳೆ, ಹೊತ್ತು ಹೋಗುವುದು" ಎನ್ನುವರು. ಮೊದಲನೆಯವರು ಆ ದುಡಿಮೆಗೆ ಬೆಲೆ ಕಟ್ಟಬಾರದೆನ್ನುವರು. ಎರಡನೆಯವರು ಬೆಲೆ ಕಟ್ಟಬೇಕಾಗಿಲ್ಲವೆನ್ನುವರು. ದಾರಿ ಬೇರೆಯಾದರೂ ಇಬ್ಬರೂ ತಲಪುವ ಠಾವು ಒಂದೇ: ಆ ತಾಯಿಯ ಬೆವರು ಲೆಕ್ಕಕ್ಕೆ ಬರುವುದಿಲ್ಲ.

ಮೊದಲನೆಯ ಆಕ್ಷೇಪಕ್ಕೆ ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳೇ ಉತ್ತರ ಕೊಡುವುವು. ಕದಿರ ರೆಮ್ಮವ್ವೆಯ ಹೆಸರಿನಲ್ಲಿ ಆಕೆ ನೂಲು ತೆಗೆಯುತ್ತಿದ್ದ ಕದಿರಿದೆ. ಕೊಟ್ಟಣದ ಸೋಮವ್ವೆಯ ಹೆಸರಿನಲ್ಲಿ ಭತ್ತ ಕುಟ್ಟುವ ಕೊಟ್ಟಣವಿದೆ. ಈ ನಾಡಿಗೆ ಸಮೀಪದ ಶಿಕಾರಿಪುರ ಸೀಮೆಯ ಜಂಬೂರಿನವಳೆಂದು ಹೇಳಲಾಗುವ ಸತ್ಯಕ್ಕನ ಕಾಯಕವಾದರೋ ಅಂಗಳ ಗುಡಿಸುವುದು. ನೂಲುವುದು, ಕುಟ್ಟುವುದು, ಗುಡಿಸುವುದು ಇವು ಮೂರೂ ಪ್ರತಿಯೊಂದು ಮನೆಯಲ್ಲಿ ಪ್ರತಿಯೊಬ್ಬ ಹೆಂಗಸೂ ಹೆಸರಿಲ್ಲದೆ ಮಾಡುತ್ತಿದ್ದ ಕೆಲಸಗಳು. ಶರಣರ ಕಾಲದಲ್ಲಿ ನಡೆದ ವಿಶೇಷವೇನೆಂದರೆ, ಹೆಸರಿಲ್ಲದ ಆ ಕೆಲಸಗಳಿಗೆ ಕಾಯಕವೆಂಬ ಹೆಸರು ಬಂದಿತು. ಆ ಕಾಯಕವು ಮಾಡಿದವಳ ಹೆಸರಿನೊಡನೆ ಸೇರಿ ನಿಂತಿತು. ಸೋಮವ್ವೆಯನ್ನು ನಾವು ಇಂಥವನ ಮಗಳು, ಇಂಥವನ ಹೆಂಡತಿ ಎಂದು ಗುರುತಿಸುವುದಿಲ್ಲ. ಒನಕೆ ಹಿಡಿದ ಕೈಯಿಂದ ಗುರುತಿಸುತ್ತೇವೆ. ಕೂಲಿಗೆ ಕುಟ್ಟಿದ ಮಾತ್ರಕ್ಕೆ ಆಕೆಯ ಭಕ್ತಿಗೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಹೀಗಿರಲು ಮಿಡಿಯುಪ್ಪಿನಕಾಯಿಗೆ ಬೆಲೆ ಇಟ್ಟ ಮಾತ್ರದಿಂದ ತಾಯ್ತನಕ್ಕೆ ಕುಂದು ಬರುವುದು ಹೇಗೆ?

ಇನ್ನು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ನೋಡಿದೊಡನೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಈ ಕಥೆಯನ್ನು ನಾವು ಯಾವಾಗಲೂ ಸಂತೃಪ್ತಿಯ ಪಾಠವಾಗಿ ಹೇಳುವೆವು. ಅದು ನಿಜವೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಮನೆಗೆ ಎಷ್ಟು ಬರಬೇಕು, ಎಷ್ಟು ಉಳಿಯಬೇಕು, ಎಷ್ಟು ದಾಸೋಹಕ್ಕೆ ಸಲ್ಲಬೇಕು ಎಂಬ ನಿರ್ಣಯ ಅಲ್ಲಿ ಲಕ್ಕಮ್ಮನ ಕೈಯಲ್ಲಿತ್ತು. ಅಳತೆ ಆಕೆಯದು. ಗಂಡನು ತಂದನು, ಹೆಂಡತಿ ಅಳೆದಳು, ಗಂಡನು ಆ ಅಳತೆಗೆ ತಲೆಬಾಗಿದನು. ಆಕೆಯ ಈ ಅಧಿಕಾರವನ್ನು ಮರೆತು ಸಂತೃಪ್ತಿಯೊಂದನ್ನೇ ಹೇಳಿದರೆ ಕಥೆಯ ಅರ್ಧ ಮಾತ್ರ ಹೇಳಿದಂತಾಗುವುದು.

ಅಳತೆಯ ಮಾತು ಈ ಸೀಮೆಗೆ ಹೊಸದೇನೂ ಅಲ್ಲ. ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರವು ಹಿಂದೆ ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿದ್ದಿತು. ಅಲ್ಲಿಂದ 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನು ಭೂಮಿಯ ಕಂದಾಯವನ್ನು ನಿಗದಿ ಮಾಡುವುದಕ್ಕೆ ಮುಂಚೆ ಬಗೆಬಗೆಯ ನೆಲವನ್ನು ತಾನೇ ಸಾಗು ಮಾಡಿಸಿ, ಬಿತ್ತನೆ ಎಷ್ಟು, ವೆಚ್ಚ ಎಷ್ಟು, ಹುಟ್ಟುವಳಿ ಎಷ್ಟು ಎಂದು ವರ್ಷವರ್ಷವೂ ಲೆಕ್ಕವಿರಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಶಿವಪ್ಪನಾಯಕನ ಶಿಸ್ತು ಎಂದು ಪ್ರಸಿದ್ಧವಾದುದು ಅದೇ. ಮೂರು ಶತಮಾನಗಳ ತರುವಾಯ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಎದ್ದು ನಿಂತರು. ಆ ಹೋರಾಟದ ಮೂಲದಲ್ಲಿದ್ದುದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವು ನ್ಯಾಯವಾದ ಕೊಳಗಕ್ಕಿಂತ ದೊಡ್ಡದಾಗಿತ್ತೆಂಬುದು ಅವರ ದೂರು. ಕಳ್ಳ ಅಳತೆಯಿಂದ ಒಬ್ಬನ ಬೆವರು ಇನ್ನೊಬ್ಬನ ಕಣಜಕ್ಕೆ ಹೋಗುವುದೆಂಬುದನ್ನು ಆ ರೈತರು ನಾಡಿಗೆ ಸಾರಿ ಹೇಳಿದರು.

ಗದ್ದೆಗೆ ಶಿಸ್ತನ್ನು ಕೊಟ್ಟ ನಾಡು ಇದು. ಕೊಳಗದ ಅನ್ಯಾಯವನ್ನು ಬಯಲಿಗೆಳೆದ ನಾಡು ಇದು. ಆದರೆ ಅಡಿಗೆಮನೆಗೆ ಮಾತ್ರ ಇನ್ನೂ ಶಿಸ್ತು ಬಂದಿಲ್ಲ. ಅಲ್ಲಿ ಕೊಳಗ ದೊಡ್ಡದೋ ಚಿಕ್ಕದೋ ಎಂದು ಕೇಳುವ ಪ್ರಸಂಗವೇ ಇಲ್ಲ. ಏಕೆಂದರೆ ಅಲ್ಲಿ ಅಳೆಯುವ ಪದ್ಧತಿಯೇ ಇಲ್ಲ. ಭಾರತ ಸರ್ಕಾರದವರು 2024ರಲ್ಲಿ ಜನರ ಹೊತ್ತಿನ ಬಳಕೆಯ ಬಗೆಗೆ ನಡೆಸಿದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕೊಡುವರೆಂದೂ, ಅದರಲ್ಲಿ ತೊಡಗುವ ಗಂಡಸರು 88 ನಿಮಿಷಗಳನ್ನು ಕೊಡುವರೆಂದೂ ತಿಳಿದುಬಂದಿದೆ. ಮಕ್ಕಳ ಮತ್ತು ವೃದ್ಧರ ಶುಶ್ರೂಷೆಯ ಲೆಕ್ಕ ಇದಕ್ಕೆ ಹೊರತು. ಗೃಹೋದ್ಯಮವನ್ನು ನಡೆಸುವ ತಾಯಿಯು ಈ ಐದು ಗಂಟೆಗಳ ಮೇಲೆ ತನ್ನ ಉದ್ಯಮದ ಗಂಟೆಗಳನ್ನು ಕೂಡಿಸಿಕೊಳ್ಳಬೇಕು. ಆ ಗಂಟೆಗಳು ಎಲ್ಲಿಂದ ಬರುವುವು? ನಿದ್ರೆಯಿಂದ ಬರುವುವು, ಇಲ್ಲವೇ ಬೆನ್ನುನೋವಿನಿಂದ ಬರುವುವು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದು ತಿಳಿವಿಗಾಗಿ ಹಿಡಿದ ಲೆಕ್ಕವೇ ಹೊರತು ಯಾವ ಮನೆಯ ಲೆಕ್ಕವೂ ಅಲ್ಲ. ಒಬ್ಬ ತಾಯಿ ನೂರು ಹಲಸಿನ ಹಪ್ಪಳಗಳನ್ನು ಮಾಡಿ 250 ರೂಪಾಯಿಗೆ ಮಾರಿದಳೆನ್ನಿ. ಕಾಯಿ, ಮೆಣಸು, ಉಪ್ಪು, ಸೌದೆ, ಚೀಲ ಎಲ್ಲಾ ಸೇರಿ 60 ರೂಪಾಯಿ ವೆಚ್ಚವಾಯಿತು. ಮಿಕ್ಕ 190 ರೂಪಾಯಿಗಳನ್ನು ಮನೆಯವರು ಲಾಭವೆನ್ನುವರು. ಆದರೆ ಕಾಯಿಯನ್ನು ಕೊಯ್ದು ಮೇಣ ಒರೆಸಿ ತೊಳೆ ಬಿಡಿಸುವುದು, ಬೇಯಿಸುವುದು, ಕಡುಬಿಸಿ ಇರುವಾಗಲೇ ಕುಟ್ಟುವುದು, ಉಂಡೆ ಮಾಡಿ ಒತ್ತುವುದು, ಚಾಪೆಯ ಮೇಲೆ ಹರವುವುದು, ಕಾಗೆಯಿಂದಲೂ ಅಕಾಲದ ಮಳೆಯಿಂದಲೂ ಕಾಯುವುದು ಇವಕ್ಕೆಲ್ಲ ಎಂಟು ಗಂಟೆ ಹಿಡಿದಿದ್ದರೆ ಆ ಲಾಭವು ಗಂಟೆಗೆ 24 ರೂಪಾಯಿಗೂ ಕಡಿಮೆಯಾದ ಕೂಲಿಯಲ್ಲದೆ ಮತ್ತೇನೂ ಅಲ್ಲ. ಅದೇ ಮನೆಯ ಅಂಗಳದಲ್ಲಿ ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸಿಗೆ ಅಳತೆಯ ಲೆಕ್ಕದಲ್ಲಿ ಕೂಲಿ ಸಲ್ಲುವುದು. ಅದು ಸಾಲದೆಂದು ಆಕೆ ಕೇಳಲೂಬಹುದು. ಒಳಗೆ ಹಪ್ಪಳ ಒತ್ತುವವಳು ಕೇಳುವುದು ಯಾರನ್ನು? ಬೆಲೆಯನ್ನು ಇಡುವಾಗ ಉಪ್ಪಿಗೂ ಮೆಣಸಿಗೂ ಬೆಲೆ ಹಿಡಿದು ತನ್ನ ಕೈಗೆ ಮಾತ್ರ ಬೆಲೆ ಹಿಡಿಯದಿರುವುದನ್ನು ಆಕೆಯೇ ಅಭ್ಯಾಸ ಮಾಡಿಕೊಂಡಿರುವಳು. ಲೋಕವು ಕಲಿಸಿದ ಪಾಠ ಅದು.

"ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿ ಏಕೆ?" ಎಂಬ ಎರಡನೆಯ ಆಕ್ಷೇಪ ಇಲ್ಲಿಯೇ ಬರುವುದು. ಒಲವು ಬೇರೆ, ಕೂಲಿ ಬೇರೆ. ಒಂದಿದ್ದರೆ ಇನ್ನೊಂದು ಬೇಡವೆಂಬುದು ಯುಕ್ತಿಗೆ ನಿಲ್ಲುವ ಮಾತಲ್ಲ. ಒಳ್ಳೆಯ ವೈದ್ಯನು ತನ್ನ ವೃತ್ತಿಯನ್ನು ಪ್ರೀತಿಸುವನು. ಆದುದರಿಂದ ಆತನಿಗೆ ಸಂಭಾವನೆ ಬೇಡವೆಂದು ಯಾರೂ ಹೇಳುವುದಿಲ್ಲ. ತೋಟವನ್ನು ಪ್ರೀತಿಸುವ ಬೇಸಾಯಗಾರನು ರಾಶಿಯಡಿಕೆಯನ್ನು ಧರ್ಮಕ್ಕೆ ಕೊಡುವುದಿಲ್ಲ. ತಾಯಿಯ ವಿಷಯದಲ್ಲಿ ಮಾತ್ರ ಒಲವೇ ಕೂಲಿಯೆಂದು ನಾವು ಹೇಳುವೆವು. ಇದು ಒಲವಿಗೆ ಮಾಡುವ ಗೌರವವಲ್ಲ, ಒಲವನ್ನು ನೆಪವಾಗಿ ಹಿಡಿಯುವುದು. ಕಾಯಕಕ್ಕೂ ಹವ್ಯಾಸಕ್ಕೂ ಇರುವ ಅಂತರವೂ ಇಲ್ಲಿಯೇ ಇದೆ. ಹವ್ಯಾಸವನ್ನು ಮನಸ್ಸು ಬಂದಾಗ ಹಿಡಿದು ಬೇಸರ ಬಂದಾಗ ಬಿಡಬಹುದು. ಕಾಯಕಕ್ಕೆ ನಿಯಮವುಂಟು, ಒಪ್ಪಿಕೊಂಡ ದಿನಕ್ಕೆ ಒಪ್ಪಿಕೊಂಡ ವಸ್ತುವನ್ನು ಒಪ್ಪಿಕೊಂಡ ಗುಣದಿಂದ ಕೊಡಬೇಕಾದ ಹೊಣೆಯುಂಟು. ಮಗುವಿಗೆ ಜ್ವರ ಬಂದ ರಾತ್ರಿಯಲ್ಲಿಯೂ ಭರಣಿಯ ಮಿಡಿಗೆ ಬೂಸು ಬಾರದಂತೆ ನೋಡಿಕೊಳ್ಳುವ ತಾಯಿಯು ಹವ್ಯಾಸಿಯಲ್ಲ, ಕಾಯಕಜೀವಿ. ಆಕೆಯ ಹೊಣೆಯನ್ನು ಕಂಡ ಮೇಲೆ ಆಕೆಯ ಕೂಲಿಯನ್ನು ಕಾಣದಿರುವುದು ಸಲ್ಲದು.

ಸಾಗರ ಸೀಮೆಯ ದೀವರ ಸಮುದಾಯದ ಹೆಂಗಸರ ಹಸೆಚಿತ್ತಾರವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ, ಇಷ್ಟೇ ಸಾಧನಗಳಿಂದ ಮದುವೆಯ ಮನೆಯಲ್ಲಿ ಗೆರೆಗೆ ಗೆರೆ ಜೋಡಿಸಿ ಬರೆಯುವ ಆ ಕಲೆಯು ಎಂದೂ ಮಾರಾಟದ ವಸ್ತುವಾಗಿರಲಿಲ್ಲ. ಭೂಮಿಹುಣ್ಣಿಮೆಯ ಬುಟ್ಟಿಯ ಮೇಲೆ ಬರೆದ ಚಿತ್ತಾರವು ಹೊಲಕ್ಕೆ ಹೋಗುತ್ತಿದ್ದಿತೇ ಹೊರತು ಸಂತೆಗೆ ಹೋಗುತ್ತಿರಲಿಲ್ಲ. ಈಗ ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನ ಗೋಡೆಗಳು ಬಂದಿವೆ. ಬರೆಯಲು ಗೋಡೆಯೇ ಇಲ್ಲದಿರುವಾಗ ಕೆಲವರು ಅದನ್ನು ಬಟ್ಟೆಯ ಮೇಲೆ, ಕಾಗದದ ಮೇಲೆ ಬರೆದು ಮಾರತೊಡಗಿದರು. ಮಾರಿದುದರಿಂದ ಕಲೆಯು ಕೆಟ್ಟಿತೇ? ಬೇಗ ಮುಗಿಸಬೇಕೆಂಬ ಅವಸರಕ್ಕೆ ಅಂಗಡಿಯ ಬಣ್ಣವನ್ನು ಬಳಿದು ಮಣ್ಣಿನ ಬಣ್ಣವೆಂದು ಹೇಳಿದರೆ ಕೆಟ್ಟಿತು. ಬರೆದವಳ ಹೆಸರನ್ನು ಅಳಿಸಿ ಕೊಂಡವನು ತನ್ನ ಹೆಸರಿನಲ್ಲಿ ಮಾರಿದರೆ ಆಗಲೂ ಕೆಟ್ಟಿತು. ಆದರೆ ಅಜ್ಜಿ ಎಳೆದ ಗೆರೆಯನ್ನು ಮೊಮ್ಮಗಳು ಅದೇ ತಾಳ್ಮೆಯಿಂದ ಎಳೆದು, ಅದರಿಂದ ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಿದರೆ ಕೆಟ್ಟುದೇನೂ ಇಲ್ಲ. ಕೇಡು ಇರುವುದು ಬೆಲೆಯಲ್ಲಿ ಅಲ್ಲ, ಸುಳ್ಳಿನಲ್ಲಿ.

ಈಗ ವಿಚಾರದ ತಿರುಳಿಗೆ ಬರೋಣ. ಬೆಲೆ ಬಂದಿತು, ಹಣವೂ ಬಂದಿತು. ಆ ಹಣ ಯಾರದು? ಮಲೆನಾಡಿನ ಅಡಿಕೆಯ ಆದಾಯವು ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿಯೇ ಸೊಸೈಟಿಯ ಲೆಕ್ಕಕ್ಕೆ ಜಮೆಯಾಗುವುದು. ಏಕೆಂದರೆ ಭೂಮಿಯ ಪಹಣಿ ಅವರ ಹೆಸರಿನಲ್ಲಿರುವುದು. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವಳ ಹೆಸರು ಅಲ್ಲಿ ಬರುವುದಿಲ್ಲ. ಗೃಹೋದ್ಯಮದ ಹಣವೂ ಅನೇಕ ಮನೆಗಳಲ್ಲಿ ಇದೇ ಹಾದಿಯನ್ನು ಹಿಡಿಯುವುದು. ದುಡಿದವಳು ತಾಯಿ, ಹಣ ಬಂದು ಬೀಳುವ ಖಾತೆ ಗಂಡನದೋ ಮಗನದೋ. ತನಗೆ ಬೇಕಾದ ಒಂದು ಜೊತೆ ಚಪ್ಪಲಿಗೆ ಆಕೆ ಅವರನ್ನೇ ಕೇಳಬೇಕು. ಕರ್ನಾಟಕ ಸರ್ಕಾರವು 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಊರೂರಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಬೆಳೆದವು. ಉಳಿತಾಯವೂ ಸಾಲವೂ ಅವರ ಕೈಗೆ ಬಂದಿತು. ಅದರಿಂದ ಎಷ್ಟೋ ಸಂಸಾರಗಳು ನೆಲೆ ನಿಂತವು. ಆದರೆ ಸಾಲದ ಪುಸ್ತಕದಲ್ಲಿ ಹೆಂಡತಿಯ ಹೆಸರು, ಸಾಲದ ಹಣ ಗಂಡನ ಕೈಯಲ್ಲಿ ಎಂಬ ಮನೆಗಳೂ ಇಲ್ಲದಿಲ್ಲ. ಕಟ್ಟುವ ಹೊಣೆ ಮಾತ್ರ ಆಕೆಯದಾಗಿ, ಅನುಭವಿಸುವ ಹಕ್ಕು ಇನ್ನೊಬ್ಬರದಾದರೆ ಅದು ಕಾಗೋಡಿನ ಕೊಳಗಕ್ಕಿಂತ ಯಾವ ವಿಧದಲ್ಲಿ ಉತ್ತಮ?

ಮನೆಯೆಂದ ಮೇಲೆ ನಿನ್ನದು ನನ್ನದು ಎಂಬ ಭೇದವೇಕೆ, ಎಲ್ಲವೂ ಎಲ್ಲರದಲ್ಲವೇ ಎಂದು ಕೆಲವರು ಕೇಳುವರು. ಕೇಳಲು ಮಧುರವಾದ ಮಾತು. ಆದರೆ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದರೆಂಬುದನ್ನು ನೆನೆಯಬೇಕು. ದಾಸೋಹವೆಂದರೆ ತಾನು ದುಡಿದುದನ್ನು ತಾನೇ ಮನವಾರೆ ಅರ್ಪಿಸುವುದು. ತನ್ನದಲ್ಲದ ದ್ರವ್ಯವನ್ನು ಅರ್ಪಿಸಲು ಯಾರಿಗೂ ಬಾರದು. ದುಡಿದವಳ ಕೈಯಿಂದ ಹಣವನ್ನು ಮೊದಲೇ ತೆಗೆದುಕೊಂಡ ಮೇಲೆ ಆಕೆ ಅರ್ಪಿಸುವುದು ಏನನ್ನು? ಬಾಗಿಲಿಗೆ ಬಂದ ಜಂಗಮನಿಗೆ, ಹಸಿದ ನೆರೆಯವಳಿಗೆ, ಓದಲು ಕಷ್ಟಪಡುತ್ತಿರುವ ಮಗುವಿಗೆ ಆಕೆ ಕೊಡಬೇಕೆಂದರೆ ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಾಗುವುದು. ಹೀಗೆ ತಾಯಿಯ ಗಳಿಕೆಯನ್ನು ಕಿತ್ತುಕೊಳ್ಳುವ ಸಂಸಾರವು ಆಕೆಯ ಹಣವನ್ನಷ್ಟೇ ಅಲ್ಲ, ಆಕೆಯ ದಾಸೋಹವನ್ನೂ ಕಿತ್ತುಕೊಳ್ಳುತ್ತದೆ. ಕೂಲಿಯಿಲ್ಲದೆ ಕಾಯಕವು ಪೂರ್ಣವಾಗದು. ಹಕ್ಕಿಲ್ಲದೆ ದಾಸೋಹವು ಸಾಧ್ಯವಾಗದು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಶ್ನೆಯ ಕೀಲು ಇಲ್ಲಿದೆ. ದೇಶದ ಕಾನೂನು ಕೂಡ ಇದನ್ನು ಒಪ್ಪಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಪ್ರಕರಣವು, ಸ್ತ್ರೀಯು ತನ್ನ ಸ್ವಂತ ಕುಶಲತೆಯಿಂದಲೋ ಪರಿಶ್ರಮದಿಂದಲೋ ಗಳಿಸಿದ ಸ್ವತ್ತಿಗೆ ಆಕೆಯೇ ಪೂರ್ಣ ಒಡತಿಯೆಂದು ವಿಧಿಸುತ್ತದೆ. ಕಾನೂನಿನ ಪುಸ್ತಕದಲ್ಲಿ ಬಂದುದು ಮನೆಯ ನಡಾವಳಿಯಲ್ಲಿ ಬರಬೇಡವೇ?

ಇಲ್ಲಿ ಲಕ್ಕಮ್ಮನ ಹೆಸರನ್ನು ಮುಂದೆ ಮಾಡಿ, "ತಾಯಂದಿರು ಸಂತೃಪ್ತಿಯಿಂದಿರಬೇಕು, ಹಣದಾಸೆ ಸಲ್ಲದು" ಎಂದು ಬೋಧಿಸುವವರೂ ಉಂಟು. ಇವರಿಗೆ ನಾವು ವಿನಯದಿಂದ ಹೇಳುವುದಿಷ್ಟೇ: ಲಕ್ಕಮ್ಮ ಬೇಡವೆಂದಳು, ನಿಜ. ಆದರೆ ಅಕ್ಕಿ ಆಕೆಯ ಮುಂದಿದ್ದಿತು. ಬೇಡವೆನ್ನಬೇಕಾದರೆ ಮೊದಲು ಬೇಕೆನ್ನುವ ಅಧಿಕಾರ ಇರಬೇಕು. ಕೈಗೆ ಬಾರದುದನ್ನು ಬಿಟ್ಟೆನೆಂದರೆ ಅದು ತ್ಯಾಗವಲ್ಲ. ಇನ್ನೊಬ್ಬರು ತೆಗೆದುಕೊಂಡುದನ್ನು ಸಹಿಸಿದುದನ್ನು ಸಂತೃಪ್ತಿಯೆಂದು ಕರೆಯಲಾಗದು. ಸಂತೃಪ್ತಿಯ ಪಾಠವನ್ನು ಮೊದಲು ಕಲಿಯಬೇಕಾದವರು ತಾಯಿಯ ಗಳಿಕೆಯನ್ನು ಎಣಿಸಿಕೊಳ್ಳುವ ಕೈಗಳು.

ಆದರೆ ಹಕ್ಕು ಬಂದ ಮೇಲೆ ಹೊಣೆಯೂ ಬರುವುದು. ಅಳತೆಯ ನ್ಯಾಯವನ್ನು ಕೇಳುವ ತಾಯಿಯು ತಾನೂ ನ್ಯಾಯವಾದ ಅಳತೆಯನ್ನೇ ಹಿಡಿಯಬೇಕು. ಉದ್ಯಮವು ಬೆಳೆದಂತೆ ನೆರೆಯ ಹೆಂಗಸರು ಕೆಲಸಕ್ಕೆ ಬರುವರು. "ಒಟ್ಟಿಗೆ ಕುಳಿತು ಮಾತಾಡುತ್ತಾ ಒತ್ತಿದರಾಯಿತು" ಎಂದು ಅವರಿಗೆ ಊಟವನ್ನಷ್ಟೇ ಹಾಕಿ ಕಳುಹಿಸಿದರೆ ತನಗಾದ ಅನ್ಯಾಯವನ್ನೇ ತಾನು ಇನ್ನೊಬ್ಬಳಿಗೆ ಮಾಡಿದಂತಾಗುವುದು. ಮುಯ್ಯಿಗೆ ಮುಯ್ಯಿ ಎಂಬ ಹಳೆಯ ಪದ್ಧತಿ ಬಳಕೆಯ ಹಪ್ಪಳಕ್ಕೆ ಸರಿ. ಮಾರುವ ಹಪ್ಪಳಕ್ಕೆ ಕೂಲಿಯೇ ಸರಿ. ಹಾಗೆಯೇ ಕಾರ್ಖಾನೆಯ ಸರಕನ್ನು ತರಿಸಿ ಮನೆಯಲ್ಲಿ ಮಾಡಿದುದೆಂದು ಚೀಟಿ ಅಂಟಿಸುವುದು, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನು ಮರದಿಂದ ಇಳಿಸಿದ ಮಿಡಿಯೊಡನೆ ಬೆರೆಸುವುದು ಇವು ಸತ್ಯಶುದ್ಧ ಕಾಯಕಕ್ಕೆ ಹೊರತು. ಪೆಟ್ಟಾದ ಒಂದು ಮಿಡಿ ಭರಣಿಯನ್ನೇ ಕೆಡಿಸುವುದೆಂಬುದು ಮಲೆನಾಡಿನ ಗೃಹಿಣಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ತಿನಿಸನ್ನು ಮಾರುವ ಸಣ್ಣ ಉದ್ಯಮಗಳೂ ನೋಂದಣಿ ಮಾಡಿಸಿಕೊಳ್ಳಬೇಕಾಗಿದೆ. ಇದನ್ನು ಕಿರುಕುಳವೆಂದು ಎಣಿಸದೆ, ಕಾಣದ ಊರಿನಲ್ಲಿ ಕುಳಿತು ತನ್ನನ್ನು ನಂಬಿ ಉಣ್ಣುವವರಿಗೆ ಕೊಟ್ಟ ಮಾತೆಂದು ಎಣಿಸುವುದು ಮೇಲು.

ಹಕ್ಕೂ ಹೊಣೆಯೂ ಕೂಡಿ ನಡೆದರೆ ಏನಾಗಬಹುದೆಂಬುದಕ್ಕೆ ಮುಂಬಯಿಯ ಒಂದು ದೃಷ್ಟಾಂತ ಪ್ರಸಿದ್ಧವಾಗಿದೆ. 1959ರ ಮಾರ್ಚ್ 15ರಂದು ಗಿರ್ಗಾಂವದ ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತರು. ಮೊದಲನೆಯ ದಿನ ಆದುದು ನಾಲ್ಕು ಕಟ್ಟು ಹಪ್ಪಳ. ಅದೇ ಮುಂದೆ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂಬ ಸಂಸ್ಥೆಯಾಗಿ ನಲವತ್ತು ಸಾವಿರಕ್ಕೂ ಮಿಕ್ಕ ಹೆಂಗಸರಿಗೆ ಆಧಾರವಾಯಿತು. ನಾದಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ ತಂದೊಪ್ಪಿಸಿ, ಲಟ್ಟಿಸಿದಷ್ಟಕ್ಕೆ ಕೂಲಿಯನ್ನು ತಮ್ಮ ಕೈಯಲ್ಲಿಯೇ ಪಡೆಯುವ ಪದ್ಧತಿ ಅಲ್ಲಿಯದು. ಲಟ್ಟಿಸುವ ಪ್ರತಿಯೊಬ್ಬಳೂ ಸಂಸ್ಥೆಯ ಸಹ ಒಡತಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಸವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹತ್ತಿರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು, ಅಡಿಕೆ ಬೇಯಿಸಿದ ಚೊಗರನ್ನೇ ಬಣ್ಣವಾಗಿ ಮಾಡಿ ಕೈಮಗ್ಗದ ಬಟ್ಟೆಗೆ ಹಾಕಿ, ಹಳ್ಳಿಯ ಹೆಣ್ಣುಮಕ್ಕಳ ದುಡಿಮೆಗೆ ಹೆಸರನ್ನೂ ಕೂಲಿಯನ್ನೂ ತಂದಿತು. ಅದು ಮನೆಯೊಳಗಣ ಉದ್ಯಮವಲ್ಲ, ಊರೊಳಗಣ ಉದ್ಯಮ. ಆದರೂ ಪಾಠ ಒಂದೇ: ಒಬ್ಬಂಟಿಯಾಗಿ ಕೇಳಲಾಗದ ಕೂಲಿಯನ್ನು ಹತ್ತು ಮಂದಿ ಕೂಡಿ ಗೊತ್ತುಪಡಿಸಿಕೊಳ್ಳಬಹುದು.

ಕಡೆಯದಾಗಿ, ಯಶಸ್ಸೆಂಬುದಕ್ಕೂ ಒಂದು ಅಳತೆ ಬೇಕು. ಬೇಡಿಕೆ ಬಂದಷ್ಟನ್ನೂ ಒಪ್ಪಿಕೊಂಡು, ರಾತ್ರಿ ಹನ್ನೆರಡರವರೆಗೆ ಒಲೆಯ ಮುಂದೆ ಕುಳಿತು, ಯಾರ ಸಲುವಾಗಿ ದುಡಿಯುತ್ತಿರುವಳೋ ಆ ಮಕ್ಕಳ ಮುಖವನ್ನೇ ನೋಡಲು ಬಿಡುವಿಲ್ಲದಂತಾದರೆ, ಅದು ಹೆಚ್ಚು ತಂದ ಅಕ್ಕಿಯೇ ಸರಿ. ಆಗ ಲಕ್ಕಮ್ಮನ ಮಾತು ಸಲ್ಲುವುದು. ಎಷ್ಟು ಸಾಕು ಎಂಬುದನ್ನು ಆ ತಾಯಿಯೇ ನಿಶ್ಚಯಿಸಲಿ. ಆದರೆ ಆಕೆಗೆ ಸಾಕೆನ್ನುವ ಸ್ವಾತಂತ್ರ್ಯ ಬರಬೇಕಾದರೆ ಮನೆಯವರು ಮನೆಗೆಲಸದ ಆ 289 ನಿಮಿಷಗಳಲ್ಲಿ ತಮ್ಮ ಪಾಲನ್ನು ಹೊರಬೇಕು. ಗಂಡನು ನೀರು ಸೇದಿದರೆ, ಮಗನು ಪಾತ್ರೆ ಬೆಳಗಿದರೆ, ಅವರ ಮರ್ಯಾದೆ ಹೋಗುವುದಿಲ್ಲ. ಅಂಗಳ ಗುಡಿಸುವುದನ್ನು ಕಾಯಕವೆಂದು ಕೊಂಡಾಡಿದ ಪರಂಪರೆಯಲ್ಲಿ ಪೊರಕೆ ಹಿಡಿಯಲು ನಾಚುವುದೇ ನಾಚಿಕೆಗೇಡು.

ಆದುದರಿಂದ ನಮ್ಮ ವಾಚಕರಲ್ಲಿ ಗೃಹಸ್ಥರಾದವರಿಗೆ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ತಾಯಿಯೋ ಮಡದಿಯೋ ಸೊಸೆಯೋ ಇಂಥ ಉದ್ಯಮವನ್ನು ನಡೆಸುತ್ತಿದ್ದರೆ, ಮುಂದಿನ ಹಲಸಿನ ಕಾಲಕ್ಕೆ ಮುಂಚೆ ಒಂದು ಲೆಕ್ಕದ ಪುಸ್ತಕವನ್ನು ತಂದುಕೊಡಿರಿ. ಅದರಲ್ಲಿ ಉಪ್ಪು, ಮೆಣಸು, ಸೌದೆಗಳ ಜೊತೆಗೆ ಆಕೆ ದುಡಿದ ಗಂಟೆಗಳಿಗೂ ಒಂದು ಅಂಕಣವಿರಲಿ. ಆ ಗಂಟೆಗಳಿಗೆ ಕೂಲಿ ಹಿಡಿದ ಮೇಲೆ ಬೆಲೆಯನ್ನು ಗೊತ್ತು ಮಾಡಿರಿ. ಬ್ಯಾಂಕಿನ ಖಾತೆ ಆಕೆಯ ಹೆಸರಿನಲ್ಲಿರಲಿ. ಡಬ್ಬಿಯ ಮೇಲೆ ಆಕೆ ಒಪ್ಪಿದರೆ ಆಕೆಯ ಹೆಸರಿರಲಿ. ಆ ಮೇಲೆ ಆಕೆ ಮನೆಗೆ ಕೊಡುವಳೋ, ಮಠಕ್ಕೆ ಕೊಡುವಳೋ, ನೆರೆಯ ಬಡ ಹುಡುಗಿಯ ಓದಿಗೆ ಕೊಡುವಳೋ, ತನಗೊಂದು ಸೀರೆಯನ್ನೇ ಕೊಳ್ಳುವಳೋ ಅದು ಆಕೆಯ ಇಚ್ಛೆ. ಹಾಗೆ ಕೊಟ್ಟ ಒಂದು ಹಿಡಿ ಅಕ್ಕಿಯೂ ದಾಸೋಹವಾಗುವುದು.